ನಾಲ್ಕು ಅಡಿ ಅಗಲ

ನನ್ನನ್ನು ಎತ್ತಲು ಬರುವವರು ನನ್ನನ್ನು ಕೇಳಿ ಬರುವುದಿಲ್ಲ. ಮೆಟ್ಟಿಲು ಕಂಡ ಕೂಡಲೇ ಎಲ್ಲಿಂದಲೋ ನಾಲ್ಕು ಜನ ಬಂದು ಸೇರುತ್ತಾರೆ. ಒಬ್ಬ ಹಿಂದಿನಿಂದ ಕಂಕುಳಿಗೆ ಕೈ ಹಾಕುತ್ತಾನೆ. ಇಬ್ಬರು ಕುರ್ಚಿಯ ಗಾಲಿ ಹಿಡಿಯುತ್ತಾರೆ. ನಾಲ್ಕನೆಯವನಿಗೆ ಹಿಡಿಯಲು ಬೇರೇನೂ ಉಳಿಯುವುದಿಲ್ಲ, ಅವನು ನನ್ನ ಕಾಲು ಹಿಡಿಯುತ್ತಾನೆ. ಕಾಲಿಗೆ ಅದು ಗೊತ್ತಾಗುವುದಿಲ್ಲ. ಕಣ್ಣಿಗೆ ಗೊತ್ತಾಗುತ್ತದೆ. ಚೂಡಿದಾರದ ಟಾಪು ಮೇಲೆ ಸರಿಯುತ್ತದೆ. ಎಳೆದುಕೊಳ್ಳೋಣವೆಂದರೆ ಕೈ ಬಿಡುವಂತಿಲ್ಲ, ಬಿಟ್ಟರೆ ಬೀಳುತ್ತೇನೆ. ಮೇಲೆ ಮುಟ್ಟಿಸಿ ಎಲ್ಲರೂ ಕೈ ಕೊಡವಿಕೊಂಡು ನಗುತ್ತಾರೆ. ನಾನು ಥ್ಯಾಂಕ್ಸ್ ಹೇಳಬೇಕು. ಹೇಳದಿದ್ದರೆ ಸೊಕ್ಕು ಎನ್ನುತ್ತಾರೆ.

ನನ್ನ ಅಜ್ಜಿಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಅಜ್ಜಿ ಬುಟ್ಟಿ ಹೆಣೆಯುತ್ತಿದ್ದಳು. ಹೆಣೆದ ಬುಟ್ಟಿಯನ್ನು ಅಂಗಳದಾಚೆ ಇಟ್ಟು ದೂರ ಹೋಗಿ ನಿಲ್ಲಬೇಕಿತ್ತು. ಮನೆಯವರು ಅದಕ್ಕೆ ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದರು. ಮುಟ್ಟಬೇಡ ಎನ್ನುವ ಹಕ್ಕು ಅಂದು ಅವರಿಗಿತ್ತು. ಇಂದು ಅದೇ ಮಾತು ನಾನು ಹೇಳಿದರೆ ಯಾರಿಗೂ ಕೇಳಿಸುವುದಿಲ್ಲ. ಅವರ ಮೊಮ್ಮಕ್ಕಳು ನನ್ನನ್ನು ಎಲ್ಲಿ ಬೇಕಾದರೂ ಹಿಡಿಯುತ್ತಾರೆ, ಹಿಡಿದು ಪುಣ್ಯ ಕಟ್ಟಿಕೊಳ್ಳುತ್ತಾರೆ.

ನನ್ನ ಹೆಸರು ನಿರೀಕ್ಷಾ. ಮೊದಲು ಮಂಗಳೂರಿನ ಹಂಪನಕಟ್ಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಗರ್ಲ್ ಆಗಿದ್ದೆ. ಅಲ್ಲಿ ಹುಡುಗಿಯರು ಕೂರಬಾರದು ಎಂದು ನಿಯಮ. ಗಿರಾಕಿ ಇರಲಿ, ಇಲ್ಲದಿರಲಿ, ಬೆಳಗ್ಗೆಯಿಂದ ರಾತ್ರಿಯವರೆಗೆ ನಿಂತೇ ಇರಬೇಕು. ಸ್ಟೂಲ್ ಕೇಳಿದ್ದಕ್ಕೆ ಮಾಲಕರು, 'ಕೂತ್ಕೊಳ್ಳುವ ಆಸೆ ಇದ್ರೆ ಮನೆಯಲ್ಲಿ ಕೂತ್ಕೊ' ಎಂದಿದ್ದರು. ಒಂದು ಸಂಜೆ ಸಿಟಿ ಬಸ್ಸಿನಿಂದ ಇಳಿಯುತ್ತಿದ್ದೆ. ಒಂದು ಕಾಲು ನೆಲದ ಮೇಲೆ, ಇನ್ನೊಂದು ಬಸ್ಸಿನಲ್ಲಿ. ಹಿಂದಿನ ಬಸ್ಸು ಹತ್ತಿರ ಬಂತೆಂದು ಕಂಡಕ್ಟರ್ 'ರೈಟ್ ಪೋಯಿ' ಎಂದು ಕೂಗಿದ. ಬಸ್ಸು ಹೋಯಿತು. ನನ್ನ ಬೆನ್ನುಮೂಳೆಯೂ ಹೋಯಿತು. ಅಂದಿನಿಂದ ಕೂತೇ ಇದ್ದೇನೆ.

ನನ್ನ ಅಮ್ಮನ ಹೆಸರು ಅಪ್ಪಿ. ಬಿಜೈಯಲ್ಲಿ ಎರಡು ಫ್ಲ್ಯಾಟು ಕಟ್ಟಡಗಳ ಮೆಟ್ಟಿಲು ಗುಡಿಸಿ ಒರೆಸುವುದು ಅವಳ ಕೆಲಸ. ಮೇಲಿನ ಮಹಡಿಯಿಂದ ಶುರು ಮಾಡಿ ಹಿಂದೆ ಹಿಂದೆ ಇಳಿಯುತ್ತಾ ಬರಬೇಕು. ಮನೆಗೆ ಬಂದು ನನ್ನನ್ನು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಎಳೆಯಬೇಕು. ಅವಳು ಎತ್ತಿದರೆ ನನಗೆ ನಾಚಿಕೆ ಇಲ್ಲ. ಆದರೆ ಎತ್ತುವಾಗ ಅವಳ ಬಾಯಿಂದ ಒಂದು ಸದ್ದು ಹೊರಡುತ್ತದೆ, ಹಲ್ಲು ಕಚ್ಚಿ ನುಂಗಿದ ಸದ್ದು. ಅದನ್ನು ಕೇಳಿದಾಗೆಲ್ಲ ನನಗೆ ಆ ಕಂಡಕ್ಟರನ ನೆನಪಾಗಿ ಮೈ ಉರಿಯುತ್ತದೆ.

ಹೊಲಿಗೆ ಕಲಿತೆ. ಸೀರೆಗೆ ಫಾಲ್, ಪೀಕೋ, ರವಿಕೆಗೆ ಹುಕ್ಕು, ಪ್ಯಾಂಟು ಗಿಡ್ಡ ಮಾಡುವುದು. ಮಶಿನಿಗೆ ಮೋಟರ್ ಉಂಟು. ಕಾಲಲ್ಲಿ ಒತ್ತುವ ಪೆಡಲನ್ನು ಮೇಜಿನ ಮೇಲಿಟ್ಟು ಬಲ ಮೊಣಕೈಯಿಂದ ಒತ್ತುತ್ತೇನೆ. ಹೊಲಿಗೆ ನೇರ ಬರುತ್ತದೆ. ಆದರೆ ನಮ್ಮ ಕಾಲನಿ ರಸ್ತೆಯಿಂದ ಒಳಗೆ. ಅಲ್ಲಿಗೆ ಸೀರೆ ತೆಗೆದುಕೊಂಡು ಬರುವವರು ಯಾರು? ಬರುವವರೂ ನಮ್ಮ ಕಾಲನಿಯ ಹೆಸರು ಕೇಳಿ ಅರ್ಧ ದಾರಿಯಿಂದ ತಿರುಗುತ್ತಾರೆ. ರಸ್ತೆಯ ಬದಿಯಲ್ಲಿ ಒಂದು ಅಂಗಡಿ ಸಿಕ್ಕಿದರೆ ಅಮ್ಮನ ಕೈಯಿಂದ ಆ ನೆಲ ಒರೆಸುವ ಬಟ್ಟೆ ಬಿಡಿಸಬಹುದು. ನನಗಿದ್ದದ್ದು ಅದೊಂದೇ ಆಸೆ.

ಅಂಗಡಿ ಸಿಕ್ಕಿತು. ಪಾಲಿಕೆಯವರು ಹೊಸದಾಗಿ ಕಟ್ಟಿದ ಮಾರ್ಕೆಟ್ ಕಟ್ಟಡದಲ್ಲಿ ಒಂದು ಅಂಗಡಿ ಅಂಗವಿಕಲರಿಗೆ ಮೀಸಲು, ಒಂಬತ್ತನೆಯದು. ಚೀಟಿ ಎತ್ತಿದರು, ನನ್ನ ಹೆಸರು ಬಂತು. ಕಟ್ಟಡದ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಈ ಊರಿನ ಬೇರೆ ಕಟ್ಟಡದವರೆಲ್ಲ ತಾವು ಬಚಾವ್ ಎಂದುಕೊಂಡಾರು. ಉದ್ಘಾಟನೆಯ ದಿನ ಬಂದು ಬೀಗದ ಕೀ ಪಡೆಯಬೇಕು, ಪಡೆಯದಿದ್ದರೆ ಅಂಗಡಿ ಎರಡನೇ ಚೀಟಿಯವರಿಗೆ ಹೋಗುತ್ತದೆ ಎಂದರು. ಅಮ್ಮ ಅಂದು ನನ್ನ ಮಶಿನಿಗೆ ಎಣ್ಣೆ ಹಾಕಿ ಒರೆಸಿದಳು.

ಮಳೆಗಾಲದಲ್ಲಿ ರಸ್ತೆಯ ನೀರು ನುಗ್ಗುತ್ತದೆಂದು ಆ ಕಟ್ಟಡವನ್ನು ಸೊಂಟದ ಎತ್ತರಕ್ಕೆ ಏರಿಸಿ ಕಟ್ಟಿದ್ದರು. ಎದುರಿಗೆ ಅಗಲವಾದ ಮೆಟ್ಟಿಲು. ರ‍್ಯಾಂಪ್ ಹಾಕುತ್ತಿದ್ದಾರೆ ಎಂದು ನಮಗೆ ಸುದ್ದಿ ಕೊಟ್ಟವನು ತುಕ್ರ ಮಾಮ, ಅಮ್ಮನ ತಮ್ಮ. ಅವನು ಮೇಸ್ತ್ರಿ. ಆ ಕೆಲಸ ಅವನಿಗೇ ಸಿಕ್ಕಿತ್ತು. 'ಮಗಾ, ನಿನ್ನ ದಾರಿ ನನ್ನ ಕೈಯಲ್ಲೇ ಆಗುದು' ಎಂದು ಹಿಗ್ಗಿದ್ದ. ಕೆಲಸ ಮುಗಿದ ಮೇಲೆ ನನ್ನನ್ನು ಕರೆಸಿದ. ಅಮ್ಮ ಕುರ್ಚಿ ತಳ್ಳಿಕೊಂಡು ಬಂದಳು.

ನೋಡಿದೆ. ಮೆಟ್ಟಿಲುಗಳ ನಟ್ಟನಡುವೆ ಸಿಮೆಂಟಿನ ಒಂದು ಪಟ್ಟಿ. ಒಂದೂವರೆ ಅಡಿ ಅಗಲ. ಅದನ್ನು ನುಣುಪು ಮಾಡಿ ಅಡ್ಡ ಅಡ್ಡ ಗೆರೆ ಎಳೆದಿದ್ದ.

"ಹೇಗುಂಟು? ಗೆರೆ ಹಾಕಿದ್ದೇನೆ, ಮಳೆಗೂ ಜಾರ್ಲಿಕ್ಕಿಲ್ಲ," ಎಂದ ಮಾಮ.

ಮಂಗಳೂರಿನವರಿಗೆ ಅದು ಏನೆಂದು ಹೇಳಿಕೊಡಬೇಕಾಗಿಲ್ಲ. ಇಲ್ಲಿ ಎದುರಿಗೆ ಸಿಟೌಟ್ ಜಗಲಿ ಇರುವ ಮನೆಗಳ ಮೆಟ್ಟಿಲಿನಲ್ಲೆಲ್ಲ ಅಂಥದ್ದೊಂದು ಪಟ್ಟಿ ಉಂಟು. ರಾತ್ರಿ ಸ್ಕೂಟರನ್ನು ಅದರ ಮೇಲೆ ತಳ್ಳಿ ಒಳಗೆ ನಿಲ್ಲಿಸುತ್ತಾರೆ. ಗಂಡಸು ಪಕ್ಕದ ಮೆಟ್ಟಿಲಲ್ಲಿ ನಡೆಯುತ್ತಾನೆ, ಸ್ಕೂಟರ್ ಪಟ್ಟಿಯ ಮೇಲೆ ಹೋಗುತ್ತದೆ.

"ಮಾಮ, ಇದು ಸ್ಕೂಟರ್ ಹತ್ತಿಸುದು," ಎಂದೆ.

"ಹೌದು. ರ‍್ಯಾಂಪ್ ಅಂದ್ರೆ ಅದೇ ಅಲ್ವಾ? ಇಂಜಿನಿಯರ್ ರ‍್ಯಾಂಪ್ ಹಾಕು ಅಂದ್ರು. ಎಷ್ಟು ಮನೆಗೆ ಹಾಕಿಲ್ಲ ನಾನು! ಅದಕ್ಕೂ ಎರಡು ಗಾಲಿ, ಇದಕ್ಕೂ ಎರಡು..."

ಮಾತು ಅಲ್ಲಿಗೆ ನಿಂತಿತು. ಅವನು ನನ್ನ ಕುರ್ಚಿಯ ಗಾಲಿಗಳನ್ನು ನೋಡಿದ. ಪಟ್ಟಿಯನ್ನು ನೋಡಿದ. ಸ್ಕೂಟರಿನ ಗಾಲಿ ಒಂದರ ಹಿಂದೆ ಒಂದು. ನನ್ನದು ಅಕ್ಕಪಕ್ಕ. ನಾನು ಕುರ್ಚಿಯನ್ನು ಮುಂದೆ ತಂದು ನಿಲ್ಲಿಸಿದೆ. ಒಂದು ಗಾಲಿ ಪಟ್ಟಿಯ ಮೇಲೆ, ಇನ್ನೊಂದು ಮೆಟ್ಟಿಲಿಗೆ ಢಿಕ್ಕಿ.

"ದೇವರೇ," ಎಂದು ಮಾಮ ಅಲ್ಲೇ ಕುಕ್ಕರಿಸಿದ.

ನನಗೆ ಮೊದಲು ನಗು ಬಂತು. ಆಮೇಲೆ ಸಿಟ್ಟು. ಮಾಮನ ಮೇಲಲ್ಲ. ಅವನ ಕೈ ಅಭ್ಯಾಸದ ಕೈ, ಮಾಡಿದ್ದನ್ನೇ ಮಾಡಿತು. ಇಂಜಿನಿಯರ್ ಬಂದು ನೋಡಿದ್ದ. ಗುತ್ತಿಗೆದಾರ ನೋಡಿದ್ದ. ಸೈನ್ ಹಾಕಿ ಪಾಸ್ ಮಾಡಿದವರೆಲ್ಲ ನೋಡಿದ್ದರು. ಒಬ್ಬನ ತಲೆಗೂ ಅದರ ಮೇಲೆ ಹೋಗಬೇಕಾದವಳು ಬರಲಿಲ್ಲ.

ಸ್ಕೂಟರಿನವರಿಗೆ ಮಾತ್ರ ಬೇಗ ಗೊತ್ತಾಯಿತು. ಉಳಿದ ಅಂಗಡಿಯವರು ಸಾಮಾನು ಜೋಡಿಸಲು ಬರುತ್ತಿದ್ದರಲ್ಲ, ಅವರು ಸ್ಕೂಟರುಗಳನ್ನು ಆ ಪಟ್ಟಿಯಲ್ಲಿ ಹತ್ತಿಸಿ ಮೇಲಿನ ಜಗಲಿಯಲ್ಲಿ ನಿಲ್ಲಿಸತೊಡಗಿದರು, ಸರಿಯಾಗಿ ಒಂಬತ್ತನೇ ಅಂಗಡಿಯ ಎದುರು. ಮೊಬೈಲ್ ಅಂಗಡಿಯವನೊಬ್ಬ ನನಗೆ ಕೈ ಮುಗಿದು, "ನಿಮ್ಮಿಂದಾಗಿ ನಮಗೆಲ್ಲ ಉಪಕಾರ ಆಯ್ತು ಅಕ್ಕಾ. ಬಿಸಿಲಿಗೆ ಸೀಟು ಕಾಯುದು ತಪ್ಪಿತು," ಎಂದ. ಅವನು ತಮಾಷೆ ಮಾಡುತ್ತಿರಲಿಲ್ಲ. ನಿಜವಾಗಿ ಸಂತೋಷದಲ್ಲಿದ್ದ.

ಇಂಜಿನಿಯರ್ ಹೆಸರು ಶೈಲೇಶ್. ಪಾಲಿಕೆಯಲ್ಲಿ ಅವರ ಕಚೇರಿ ಮೇಲಿನ ಮಹಡಿಯಲ್ಲಿ, ಲಿಫ್ಟ್ ಇಲ್ಲ. ದೂರು ಕೊಡಲು ನಾನು ಹೋಗುವಂತಿಲ್ಲ, ಅಮ್ಮನನ್ನು ಕಳಿಸಿದೆ. ಮೀಟಿಂಗ್ ಉಂಟು ಎಂದರು. ಮರುದಿನವೂ ಮೀಟಿಂಗ್. ಚಾ ಕುಡಿಯಲು ಯಾರಾದರೂ ಇಳಿಯಲೇ ಬೇಕಲ್ಲ ಎಂದು ನಾನು ಕೆಳಗಿನ ಚಾ ಅಂಗಡಿಯ ಎದುರು ಕಾದು ಕೂತೆ. ಇಳಿದರು.

"ಎಂತ ನಿರೀಕ್ಷಾ? ಅಂಗಡಿ ಸಿಕ್ಕಿತಲ್ಲ, ಸಿಹಿ ಎಲ್ಲಿ?"

"ಸಾರ್, ಆ ರ‍್ಯಾಂಪ್‌ನಲ್ಲಿ ನನಗೆ ಹೋಗ್ಲಿಕ್ಕೆ ಆಗುದಿಲ್ಲ. ಅಗಲ ಇಲ್ಲ."

"ಈಗ ಅಷ್ಟಾದ್ರೂ ಉಂಟಲ್ಲ? ಬೇರೆ ಕಟ್ಟಡದಲ್ಲಿ ಅದೂ ಇಲ್ಲ. ಎಷ್ಟು ಬೇಕು ನಿಂಗೆ?"

"ನಾಲ್ಕು ಅಡಿ."

ಅವರು ಸೀಟಿ ಹೊಡೆದರು. ಚೀಲದಿಂದ ಟೇಪ್ ತೆಗೆದು ನನ್ನ ಕುರ್ಚಿಗೆ ಅಡ್ಡ ಹಿಡಿದರು. ಟೇಪ್ ನನ್ನ ತೊಡೆಯ ಮೇಲೆ ಹಾದು ಹೋಯಿತು. ಕೇಳಲಿಲ್ಲ. ಮೇಜು ಅಳೆದಂತೆ ಅಳೆದರು.

"ಇಪ್ಪತ್ತಾರು ಇಂಚು. ಇದಕ್ಕೆ ನಾಲ್ಕು ಅಡಿ ಎಂತಕ್ಕೆ ಮಾರಾಯ್ತಿ? ಮದುವೆ ದಿಬ್ಬಣ ಹೋಗ್ಲಿಕ್ಕುಂಟಾ?"

ಚಾ ಕುಡಿಯುತ್ತಿದ್ದವರೆಲ್ಲ ನಕ್ಕರು. ನನ್ನ ಮದುವೆಯ ಮಾತಿಗೆ ಇನ್ನೂ ಸ್ವಲ್ಪ ಹೆಚ್ಚೇ ನಕ್ಕರು.

"ಕುರ್ಚಿ ಇಪ್ಪತ್ತಾರು ಇಂಚು ಸಾರ್. ನನ್ನ ಕೈ ಎಲ್ಲಿ ಇಡ್ಲಿ? ಗಾಲಿ ತಿರುಗಿಸುದು ಕೈಯಲ್ಲಿ. ಒತ್ತುವಾಗ ಮೊಣಕೈ ಹೊರಗೆ ಬರ್ತದೆ. ಗಾಲಿ ಸ್ವಲ್ಪ ಓರೆ ಆದ್ರೆ ತಿರುಗಿಸ್ಲಿಕ್ಕೆ ಜಾಗ ಬೇಕು. ಎದುರಿಂದ ಒಬ್ಬರು ಬಂದ್ರೆ ನಾನು ಹಿಂದೆ ಹಿಂದೆ ಇಳೀಬೇಕಾ? ಅಮ್ಮನಿಗೆ ನನ್ನ ಪಕ್ಕದಲ್ಲಿ ನಡೀಲಿಕ್ಕೆ ಆಗ್ಬೇಕು."

"ನಾಲ್ಕು ಅಡಿ ಕೊಟ್ರೆ ಮೆಟ್ಟಿಲಿಗೆ ಜಾಗ ಎಲ್ಲುಂಟು? ಸಾರ್ವಜನಿಕರು ಹೋಗುದು ಬೇಡ್ವಾ?"

"ನಾನು ಸಾರ್ವಜನಿಕರಲ್ವಾ ಸಾರ್?"

"ಅಲ್ಲ, ಹಾಗಲ್ಲ. ಅಡ್ಜಸ್ಟ್ ಮಾಡ್ಬೇಕು. ಅಲ್ಲಿ ಜನ ಇರ್ತಾರೆ. ಬೆಳಿಗ್ಗೆ ಎತ್ತಿ ಮೇಲೆ ಇಡ್ತಾರೆ, ಸಂಜೆ ಇಳಿಸ್ತಾರೆ. ಯಾರೂ ಇಲ್ಲ ಅನ್ನುದಿಲ್ಲ. ನಮ್ಮ ಊರಿನ ಜನ ಒಳ್ಳೆಯವರು."

"ಆ ಕಟ್ಟಡದ ಬಚ್ಚಲು ಕೆಳಗುಂಟು. ಮೂತ್ರದ ಚೀಲ ತುಂಬಿದಾಗೆಲ್ಲ ನಾಲ್ಕು ಜನ ಗಂಡಸರನ್ನು ಕರೀಬೇಕಾ ಸಾರ್?"

ನಗು ನಿಂತಿತು. ಎಲ್ಲರೂ ತಮ್ಮ ತಮ್ಮ ಗ್ಲಾಸಿನೊಳಗೆ ನೋಡತೊಡಗಿದರು. ಶೈಲೇಶ್ ಮುಖ ಕೆಂಪಾಯಿತು.

"ಹೆಣ್ಣುಮಕ್ಕಳು ಹೀಗೆಲ್ಲ ಮಾತಾಡ್ಬಾರ್ದು," ಎಂದರು. ಆಮೇಲೆ ದನಿ ತಗ್ಗಿಸಿ ನನ್ನ ಹತ್ತಿರ ಬಾಗಿದರು. "ನೋಡು, ರ‍್ಯಾಂಪ್ ತಪ್ಪು ಅಂತ ಬರೆದ್ರೆ ಮಾಡಿದವನನ್ನು ಕೇಳ್ಬೇಕಾಗ್ತದೆ. ಮಾಡಿದ್ದು ನಿನ್ನ ಮಾಮ ಅಲ್ವಾ? ಅವನಿಗೆ ಇನ್ನು ಯಾರೂ ಕೆಲಸ ಕೊಡ್ಲಿಕ್ಕಿಲ್ಲ. ಅದು ಬೇಕಾ ನಿಂಗೆ? ಉದ್ಘಾಟನೆಯೊಳಗೆ ನಾನು ಎಂತಾದ್ರೂ ಮಾಡ್ತೇನೆ. ಈಗ ಹೋಗು."

ತಪ್ಪು ಎಂಬುದು ಮೇಲಿಂದ ಬಿಟ್ಟ ನೀರಿನಂತೆ. ಹರಿದು ಹರಿದು ಎಲ್ಲಕ್ಕಿಂತ ತಗ್ಗಿನಲ್ಲಿರುವವನ ಮನೆಗೇ ನುಗ್ಗುತ್ತದೆ. ನಾನು ಬಾಯಿ ಮುಚ್ಚಿಕೊಂಡು ಬಂದೆ.

ಉದ್ಘಾಟನೆಯ ದಿನ ಅವರು ಹೇಳಿದಂತೆ ಎಂತಾದರೂ ಮಾಡಿದ್ದರು. ಪಟ್ಟಿಗೆ ನೀಲಿ ಬಣ್ಣ ಬಳಿದಿದ್ದರು. ಎರಡೂ ಬದಿಗೆ ಸೇವಂತಿಗೆ ಮಾಲೆ. ನಡುವೆ ಬಿಳಿ ಬಣ್ಣದಲ್ಲಿ ಗಾಲಿಕುರ್ಚಿಯ ಚಿತ್ರ. ಬದಿಯಿಂದ ನೋಡಿದಂತೆ ಬರೆಯುವ ಚಿತ್ರವಲ್ಲವೇ, ಅದರಲ್ಲಿ ಕುರ್ಚಿಗೆ ಒಂದೇ ಗಾಲಿ. ಆ ಕುರ್ಚಿ ಪಟ್ಟಿಯೊಳಗೆ ಸರಿಯಾಗಿ ಹಿಡಿಸಿತ್ತು. ಅಗಲ ಮೊದಲಿನಷ್ಟೇ ಇತ್ತು. ಸ್ಕೂಟರುಗಳನ್ನು ಅಂದು ಮಾತ್ರ ಹಿಂದೆ ಸರಿಸಿದ್ದರು.

ಅಮ್ಮ ನನಗೆ ಹೊಸ ಚೂಡಿದಾರ ತೊಡಿಸಿದ್ದಳು. ಮೇಲೆ ಜಗಲಿಯಲ್ಲಿ ವೇದಿಕೆ, ಮುಖ್ಯ ಅತಿಥಿ, ಹರಿವಾಣದಲ್ಲಿ ಕೀಗಳು. ಕೆಳಗೆ ಜನ, ಫೋಟೋದವರು. ಶೈಲೇಶ್ ಇಳಿದು ಬಂದು ನನ್ನ ಕಿವಿಯ ಬಳಿ ಹೇಳಿದರು.

"ನಾಲ್ಕು ಜನ ಎತ್ತಿ ರ‍್ಯಾಂಪಿನ ತುದಿಯಲ್ಲಿ ಇಡ್ತಾರೆ. ಅಲ್ಲಿ ನೀನು ಗಾಲಿಗೆ ಕೈ ಇಟ್ಟು ಮುಂದೆ ನೋಡು, ಹತ್ತಿ ಬಂದ ಹಾಗೆ. ಒಂದು ಫೋಟೋ. ಮತ್ತೆ ಕೀ. ಆಯ್ತಲ್ಲ?"

ಆಮೇಲೆ ಮೈಕಿನಲ್ಲಿ ನಾನು ನೀವಾದೆ. "ಈಗ ನಮ್ಮ ವಿಶೇಷಚೇತನ ಸಹೋದರಿ ನಿರೀಕ್ಷಾ ಅವರು ರ‍್ಯಾಂಪ್ ಮೂಲಕ ಆಗಮಿಸಿ ಕೀ ಸ್ವೀಕರಿಸಬೇಕಾಗಿ ವಿನಂತಿ."

ನಾಲ್ಕು ಜನ ಬಂದರು. ನಾಲ್ಕನೆಯವನು ತುಕ್ರ ಮಾಮ. ಅವನನ್ನೇ ಕರೆದಿದ್ದರು. ಅವನು ನನ್ನ ಮುಖ ನೋಡಲಿಲ್ಲ. ಹಿಂದಿನವನ ಕೈ ಆಗಲೇ ನನ್ನ ಕಂಕುಳಿನೊಳಗೆ ಇಳಿಯುತ್ತಿತ್ತು.

"ಕೈ ತೆಗೀರಿ," ಎಂದೆ.

ಅವನಿಗೆ ಕೇಳಿಸಲಿಲ್ಲ. ಅವರಿಗೆ ಎಂದೂ ಕೇಳಿಸುವುದಿಲ್ಲ. ನಾನು ಆ ಕೈಯನ್ನು ಹಿಡಿದು ಉಗುರು ಊರಿದೆ. ಅವನು 'ಅಯ್ಯೋ' ಎಂದು ಬಿಟ್ಟ.

"ಎತ್ತುದು ಬೇಡ. ನಾನು ಎತ್ತಿಸಿಕೊಳ್ಳುದಿಲ್ಲ."

ಅಮ್ಮ ಓಡಿ ಬಂದು ನನ್ನ ಮೊಣಕಾಲ ಬಳಿ ಕೂತಳು. "ಮಗಾ, ಒಂದು ಸಲ. ಒಂದೇ ಒಂದು ಸಲ ಎತ್ತಿಸಿಕೊ. ಕೀ ಸಿಗ್ತದೆ. ಮತ್ತೆ ನಾನೇ ಎತ್ತುತ್ತೇನೆ ದಿನಾ."

"ನಿನ್ನ ಬೆನ್ನು ಎಷ್ಟು ದಿನ ಬರ್ತದೆ ಅಮ್ಮಾ?"

"ಬರುವಷ್ಟು ದಿನ ಬರ್ಲಿ. ನಿನ್ನ ಕಾಲಿಗೆ ಬೀಳ್ತೇನೆ."

ಅವಳು ನಿಜವಾಗಿ ನನ್ನ ಪಾದ ಹಿಡಿದಳು. ಹಿಡಿದದ್ದು ನನಗೆ ತಿಳಿಯಲಿಲ್ಲ, ಬಗ್ಗಿ ನೋಡಿದಾಗ ಕಂಡಿತು. ಹೂಂ ಎನ್ನಬೇಕೆನಿಸಿತು. ತೆವಳಿಕೊಂಡೇ ಹತ್ತಲೇ ಎಂದೂ ಅನಿಸಿತು. ನನ್ನ ತೋಳಿನಲ್ಲಿ ಅಷ್ಟು ಶಕ್ತಿ ಉಂಟು. ಮೆಟ್ಟಿಲಿಗೆ ಬೆನ್ನು ಹಾಕಿ ಕೂತು ಒಂದೊಂದೇ ಮೆಟ್ಟಿಲು ಏರಬಹುದಿತ್ತು. ಫೋಟೋದವರನ್ನು ನೋಡಿದೆ. ಅವರಿಗೆ ಅದು ಇನ್ನೂ ಒಳ್ಳೆಯ ಫೋಟೋ. ಛಲಗಾತಿ ಎಂದು ಬರೆದು ಪೇಪರಿನಲ್ಲಿ ಹಾಕುತ್ತಾರೆ, ಮಕ್ಕಳಿಗೆ ತೋರಿಸುತ್ತಾರೆ. ಆಮೇಲೆ ಆ ಪಟ್ಟಿ ಒಂದೂವರೆ ಅಡಿಯಲ್ಲೇ ಉಳಿಯುತ್ತದೆ.

"ಬೊಡ್ಚಿ," ಎಂದೆ. ನಮ್ಮ ತುಳುವಿನ ಬೇಡಕ್ಕೆ ಕನ್ನಡದ ಬೇಡಕ್ಕಿಂತ ಪೆಟ್ಟು ಜಾಸ್ತಿ. ತಲೆ ಎತ್ತಿ ಅತಿಥಿಗೆ ಕೇಳುವಂತೆ ಕೂಗಿದೆ, "ಸಾರ್, ನನಗೆ ಬರ್ಲಿಕ್ಕೆ ದಾರಿ ಇಲ್ಲ. ನೀವು ಇಳಿದು ಬಂದು ಕೀ ಕೊಡಿ."

ಅತಿಥಿ ಶೈಲೇಶರನ್ನು ನೋಡಿದರು. ಅತಿಥಿಯ ಕಾಲು ಗಟ್ಟಿ ಇತ್ತು. ಹೊಸ ಬೂಟು ಇತ್ತು. ಇಳಿಯಬೇಕಿದ್ದದ್ದು ಕೆಲವೇ ಮೆಟ್ಟಿಲು. ಇಳಿಯಲಿಲ್ಲ.

"ತುಕ್ರಾ, ಎಂತ ನೋಡ್ತೀ? ಹಿಡಿ ಅವಳನ್ನು!" ಶೈಲೇಶ್ ಹಲ್ಲು ಕಚ್ಚಿ ಹೇಳಿದರು.

ಮಾಮ ಎರಡು ಹೆಜ್ಜೆ ಹಿಂದೆ ಹೋದ. ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿದ. "ಅವಳು ಬೇಡ ಅಂತ ಹೇಳ್ತಿದ್ದಾಳೆ ಸಾರ್," ಎಂದ. ಅವನು ಅವರೆದುರು ತಲೆ ಎತ್ತಿ ಮಾತಾಡಿದ್ದನ್ನು ನಾನು ಅದೇ ಮೊದಲ ಸಲ ನೋಡಿದೆ.

ಮೈಕಿನಲ್ಲಿ ಎರಡನೇ ಚೀಟಿಯ ಹೆಸರು ಬಂತು. ಬಲ್ಮಠದ ಕಡೆಯ ಸೈಮನ್. ಅವನಿಗೆ ಒಂದು ಕಾಲು ಸಣ್ಣದು, ಕೋಲು ಹಿಡಿದು ನಡೆಯುತ್ತಾನೆ. ಅವನು ನನ್ನ ಪಕ್ಕದಿಂದಲೇ ಹೋದ. ಮೆಟ್ಟಿಲಿನ ಗೋಡೆ ಹಿಡಿದು, ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು ತೆಗೆದು ಹತ್ತಿದ. ಅವನನ್ನು ನೀಲಿ ಪಟ್ಟಿಯ ತುದಿಯಲ್ಲಿ ನಿಲ್ಲಿಸಿದರು. ಕೀ ಕೊಟ್ಟರು. ಚಪ್ಪಾಳೆ ಆಯಿತು. ಫೋಟೋ ಆಯಿತು. ನನ್ನ ಅಂಗಡಿ ಹೋಯಿತು.

ಅಮ್ಮ ವಾರದವರೆಗೆ ನನ್ನೊಡನೆ ಮಾತಾಡಲಿಲ್ಲ. ಊಟ ಬಡಿಸಿದಳು, ಎತ್ತಿದಳು, ತೊಳೆದಳು, ಮಾತಿಲ್ಲ. ಮಾಮನಿಗೆ ಗುತ್ತಿಗೆದಾರ ಕೆಲಸಕ್ಕೆ ಬರಬೇಡ ಎಂದ. ಅವನು ಬಂದು ನಮ್ಮ ಹೊಸಿಲಿನಲ್ಲಿ ಕೂತು ಬೀಡಿ ಸೇದಿ ಹೋಗುತ್ತಿದ್ದ. ನನಗೆ ಸಂಕಟವಾಯಿತು. ಕಂಕುಳಿನಲ್ಲಿ ಒಂದು ಕೈ, ಅಷ್ಟು ಸಹಿಸಿದ್ದರೆ ಮೂರು ಜನರ ಹೊಟ್ಟೆಗಾಗುತ್ತಿತ್ತು. ಎಷ್ಟೋ ಜನ ಎಷ್ಟೋ ಸಹಿಸುತ್ತಾರೆ. ಹಾಗೆ ಯೋಚಿಸಿ ಅತ್ತೆ. ಅತ್ತು ಮುಗಿದ ಮೇಲೂ ಆ ಕೈ ಬೇಡವೇ ಆಗಿತ್ತು.

ಎಂಟನೇ ದಿನ ನಾನು ಅಮ್ಮನಿಗೆ ಹೇಳಿದೆ, "ಮಶಿನ್ ತೆಗೆದುಕೊಂಡು ಹೋಗುವ. ಆ ಕಟ್ಟಡದ ಕೆಳಗೆ, ಮೆಟ್ಟಿಲ ಬುಡದಲ್ಲಿ ಕೂರುವ." ಅಲ್ಲಿ ಬಸಳೆ ಮಾರುವವರು, ಮಲ್ಲಿಗೆ ಮಾರುವವರು, ತಳ್ಳುಗಾಡಿಯವರು ಇದ್ದರು. ಅವರು ಸ್ವಲ್ಪ ಸ್ವಲ್ಪ ಸರಿದು ನನಗೆ ಜಾಗ ಮಾಡಿದರು. ಮಾಮ ನಾಲ್ಕು ಕೋಲು ನೆಟ್ಟು ಟರ್ಪಾಲ್ ಕಟ್ಟಿದ. ಕರೆಂಟ್ ಇರಲಿಲ್ಲ. ಮಶಿನಿನ ಚಕ್ರವನ್ನು ಕೈಯಲ್ಲೇ ತಿರುಗಿಸಿ ಹೊಲಿಯತೊಡಗಿದೆ.

ಮಧ್ಯಾಹ್ನ ಮೇಲಿಂದ ಒಂದು ವಯರ್ ಇಳಿಯಿತು. ಹಿಂದೆಯೇ ಕೋಲು ಊರುತ್ತಾ ಸೈಮನ್ ಇಳಿದು ಬಂದ.

"ಒಂಬತ್ತರಿಂದ ಎಳೆದದ್ದು. ಪ್ಲಗ್ ಹಾಕು," ಎಂದ.

ನಾನು ಚಕ್ರ ತಿರುಗಿಸುತ್ತಲೇ ಇದ್ದೆ.

"ನೀನು ಬಿಟ್ಟದ್ದನ್ನು ನಾನು ತೆಗೆದುಕೊಂಡೆ. ನಾನು ಬಿಟ್ಟಿದ್ರೆ ಮೂರನೆಯವ ತೆಗೆದುಕೊಳ್ತಿದ್ದ. ನನಗೂ ಮನೆ ಉಂಟು ನಿರೀಕ್ಷಾ."

"ಗೊತ್ತುಂಟು. ಆದ್ರೂ ನಿನ್ನ ಮುಖ ನೋಡ್ಲಿಕ್ಕೆ ಮನಸ್ಸಿಲ್ಲ."

"ನೋಡ್ಬೇಡ. ಪ್ಲಗ್ ಹಾಕು."

ಹಾಕಿದೆ. ಸಿಟ್ಟು ಹೋಗಲಿಲ್ಲ, ಆದರೆ ಮೋಟರ್ ತಿರುಗಿತು.

ಕೆಲಸ ಬಂತು. ತರಕಾರಿಗೆ ಬಂದವರು ಸೀರೆ ಕೊಟ್ಟು ಹೋಗಿ, ಸಂಜೆ ಕೊಂಡುಹೋಗುತ್ತಿದ್ದರು. ಮೇಲಿನ ಅಂಗಡಿಗೆ ಹೋಗುವವರೂ ನನ್ನ ಮುಂದಿನಿಂದಲೇ ಹೋಗಬೇಕಲ್ಲ. ಅಮ್ಮ ಒಂದು ಫ್ಲ್ಯಾಟಿನ ಕೆಲಸ ಬಿಟ್ಟಳು. ಅಂದು ರಾತ್ರಿ ಬಂಗುಡೆ ಸಾರು ಮಾಡಿ ನನ್ನ ಬಟ್ಟಲಿಗೆ ದೊಡ್ಡ ತುಂಡು ಹಾಕಿದಳು.

ಮಳೆಗಾಲಕ್ಕೆ ಮೊದಲು ರಸ್ತೆ ಬದಿ ಖಾಲಿ ಮಾಡಿಸುವ ಲಾರಿ ಬಂತು. ಶೈಲೇಶ್ ಜೀಪಿನಲ್ಲಿ ಮುಂದೆ ಇದ್ದರು. ಲಾರಿ ಕಂಡ ಕೂಡಲೇ ಮಲ್ಲಿಗೆಯವರು ಬುಟ್ಟಿ ಎತ್ತಿ ಓಡಿದರು. ಬಸಳೆಯವರು ಓಡಿದರು. ತಳ್ಳುಗಾಡಿಯವರು ಗಲ್ಲಿಗೆ ನುಗ್ಗಿದರು, ಇಬ್ಬರು ಸಿಕ್ಕಿಬಿದ್ದರು. ನಾನು ಓಡುವ ಪ್ರಶ್ನೆ ಇರಲಿಲ್ಲ. ಅಮ್ಮ ಬುತ್ತಿ ತಂದಿದ್ದಳು, ಅನ್ನ ಕಲಸುತ್ತಿದ್ದವಳು ಹಾಗೇ ಎದ್ದು ನಿಂತಳು.

ಲಾರಿಯವರಿಗೆ ತಮ್ಮ ಕೆಲಸ ಚೆನ್ನಾಗಿ ಗೊತ್ತಿತ್ತು. ಅಲ್ಲಿ ರಸ್ತೆ ಇಳಿಜಾರು. ಅವರು ಲಾರಿಯನ್ನು ತಗ್ಗಿನಲ್ಲಿ ನಿಲ್ಲಿಸಿ ಹಿಂಬದಿಯನ್ನು ಏರಿನ ಕಡೆಗೆ ಮಾಡಿದರು, ಹತ್ತಿಸುವ ಹಲಗೆ ಕಡಿದಾಗಬಾರದೆಂದು. ಆಮೇಲೆ ಹಲಗೆ ಹಾಸಿದರು. ದಪ್ಪ ಹಲಗೆಗಳನ್ನು ಜೋಡಿಸಿ ಕಬ್ಬಿಣದ ಪಟ್ಟಿ ಹೊಡೆದು ಮಾಡಿದ್ದು. ಉದ್ದ ಉಂಟು, ಬದಿಯಲ್ಲಿ ಗಾಲಿ ಜಾರದಂತೆ ಅಂಚು ಉಂಟು. ಹಿಡಿದ ತಳ್ಳುಗಾಡಿಗಳನ್ನು ಇಬ್ಬರು ಅಕ್ಕಪಕ್ಕ ನಡೆಯುತ್ತಾ ಸಲೀಸಾಗಿ ಮೇಲೆ ಹತ್ತಿಸಿದರು.

ನಾನು ಆ ಹಲಗೆಯನ್ನೇ ನೋಡುತ್ತಾ ಕೂತೆ. ನನ್ನ ಕಣ್ಣಿಗೆ ಅಗಲ ತಪ್ಪುವುದಿಲ್ಲ. ನಾಲ್ಕು ಅಡಿ. ಇಂಚು ಹೆಚ್ಚೇ ಇರಬೇಕು, ಕಡಿಮೆ ಇಲ್ಲ. ಈ ಊರಿನಲ್ಲಿ ನಾಲ್ಕು ಅಡಿಯ ದಾರಿ ಇಲ್ಲವೆಂದು ಯಾರು ಹೇಳಿದ್ದು? ಓಡಿಸುವವರ ಬಳಿ ಇತ್ತು.

ಇಬ್ಬರು ಬಂದು ವಯರ್ ಕಿತ್ತು ನನ್ನ ಮಶಿನನ್ನು ಎತ್ತಿದರು. ಮಶಿನಿನೊಳಗೆ ಯಾರದೋ ಮದುವೆಯ ಸೀರೆ ಅರ್ಧ ಹೊಲಿದಲ್ಲೇ ಇತ್ತು. ಸೀರೆ ನೆಲಕ್ಕೆ ತಾಗಿ ಎಳೆದುಕೊಂಡು ಹೋಯಿತು.

"ಸಾರ್, ಮಶಿನ್ ಎಂತಕ್ಕೆ?" ಅಮ್ಮ ಕೂಗಿದಳು.

"ರಸ್ತೆ ಬದಿ ಕೂರ್ಬಾರ್ದು ಅಂತ ನಾವು ಹೇಳಿದ್ದೇವೆ. ಮಶಿನ್ ನಾಳೆ ಆಫೀಸಿಗೆ ಬಂದು ಬಿಡಿಸಿಕೊಳ್ಳಿ," ಎಂದರು ಶೈಲೇಶ್. ನನ್ನ ಕಡೆ ನೋಡಲಿಲ್ಲ. "ಅವಳನ್ನು ಮುಟ್ಬೇಡಿ. ಮತ್ತೆ ಅದೊಂದು ರಗಳೆ. ಮಶಿನ್ ಮಾತ್ರ ಹಾಕಿ."

ಆಫೀಸು ಮೇಲಿನ ಮಹಡಿಯಲ್ಲಿ.

ನಾನು ಗಾಲಿಗೆ ಕೈ ಹಾಕಿದೆ. ತಿರುಗಿಸಿದೆ. ಟರ್ಪಾಲಿನಿಂದ ಹೊರಗೆ ಬಂದು ನೇರ ಹಲಗೆಯ ಬುಡಕ್ಕೆ ಹೋದೆ. ಮುಂದಿನ ಸಣ್ಣ ಗಾಲಿ ಹತ್ತಿತು. ದೊಡ್ಡ ಗಾಲಿಗಳು ಹತ್ತಿದವು, ಎರಡೂ ಒಟ್ಟಿಗೆ. ಮುಂದಕ್ಕೆ ಬಾಗಿ ಒತ್ತಿದೆ. ಮೊಣಕೈ ಹೊರಗೆ ಬಂತು, ಯಾವುದಕ್ಕೂ ತಾಗಲಿಲ್ಲ. ಭುಜ ಉರಿಯಿತು. ಅಂಗೈ ಸುಲಿಯಿತು. ಒಂದು ಕಡೆ ಗಾಲಿ ಓರೆಯಾಯಿತು, ತಿರುಗಿಸಿ ಸರಿ ಮಾಡಿಕೊಳ್ಳಲು ಜಾಗ ಇತ್ತು. ಉಸಿರು ನಿಂತಂತಾದಾಗ ಪಕ್ಕದಲ್ಲಿ ಯಾರೋ ನಡೆಯುತ್ತಿದ್ದರು. ಅಮ್ಮ. ಅನ್ನ ಮೆತ್ತಿದ ಕೈಯನ್ನು ಕುರ್ಚಿಯ ಬೆನ್ನಿಗೆ ಊರಿದ್ದಳು, ನಾನು ಹಿಂದೆ ಜಾರದಂತೆ. ಅವಳ ಬಾಯಿಂದ ಆ ಸದ್ದು ಬರಲಿಲ್ಲ.

ಲಾರಿಯ ಮೇಲೆ ಹೋಗಿ ನನ್ನ ಮಶಿನಿನ ಪಕ್ಕ ನಿಂತೆ. ಸೀರೆಯ ಸೆರಗನ್ನು ಎತ್ತಿ ಮಡಿಲಲ್ಲಿ ಹಾಕಿಕೊಂಡೆ.

ಶೈಲೇಶ್ ಓಡಿ ಬಂದರು. "ಏಯ್, ಎಂತ ನಾಟಕ ಇದು? ನಿನ್ನನ್ನು ಯಾರು ಹತ್ತು ಅಂದ್ರು? ಇಳಿ!"

"ದಾರಿ ಇತ್ತು ಸಾರ್. ಹತ್ತಿದೆ."

"ಇಳಿ ಅಂತ ಹೇಳಿದ್ದು! ಲಾರಿ ಹೋಗ್ಬೇಕು."

"ಹೋಗ್ಲಿ. ಆಫೀಸಿಗೇ ಹೋಗ್ಲಿ. ಇಡೀ ಊರು ನೋಡ್ಲಿ."

ಕಟ್ಟಡದ ಜಗಲಿಯಲ್ಲಿ ಜನ ಸೇರಿದ್ದರು. ಸೈಮನ್ ಕೋಲು ಹಿಡಿದು ಮೆಟ್ಟಿಲು ಇಳಿಯುತ್ತಿದ್ದ. ಗಲ್ಲಿಗೆ ಓಡಿದವರು ತಿರುಗಿ ಬರುತ್ತಿದ್ದರು. ಹಿಂದೆ ಬಸ್ಸುಗಳು ಸಾಲಾಗಿ ನಿಂತು ಹಾರನ್ ಹೊಡೆಯತೊಡಗಿದವು.

"ನಾಲ್ಕು ಜನ ಬನ್ನಿ," ಶೈಲೇಶ್ ಕೂಗಿದರು. "ಎತ್ತಿ ಇಳಿಸಿ ಇವಳನ್ನು."

ನಾಲ್ಕು ಜನ ಬಂದರು. ಹಲಗೆಗೆ ಕಾಲಿಟ್ಟರು. ಅಮ್ಮ ಹಲಗೆಯ ನಡುವೆ ಹೋಗಿ ಕೂತುಬಿಟ್ಟಳು. ಜನ್ಮವಿಡೀ ಬೇರೆಯವರ ಮೆಟ್ಟಿಲುಗಳಲ್ಲಿ ಬಗ್ಗಿ ಬದಿಗೆ ಸರಿದು ದಾರಿ ಬಿಟ್ಟವಳು ಕಾಲು ಚಾಚಿ ಅಲ್ಲಿ ಕೂತಳು.

"ನನ್ನ ಮಗಳ ಮೈಗೆ ಕೈ ಹಾಕಿದ್ರೆ ಜಾಗ್ರತೆ," ಎಂದಳು.

ನಾಲ್ವರೂ ನಿಂತರು. ಶೈಲೇಶ್ ನನ್ನತ್ತ ತಿರುಗಿದರು. ದನಿ ಈಗ ಮೆತ್ತಗಾಗಿತ್ತು. "ನಿನಗೆ ಎಂತ ಬೇಕು ಹೇಳು ನಿರೀಕ್ಷಾ. ಹೇಗೆ ಇಳೀತೀ?"

"ಆ ಮೆಟ್ಟಿಲಿಗೆ ಇಷ್ಟು ಅಗಲದ ದಾರಿ ಹಾಕಿ. ಹಾಕಿದ ದಿನ ಇಳೀತೇನೆ."

"ಅದಕ್ಕೆ ತಿಂಗಳುಗಟ್ಟಲೆ ಬೇಕು!"

ನಾನು ಕುರ್ಚಿಯ ಎರಡೂ ಗಾಲಿಗಳಿಗೆ ಬ್ರೇಕ್ ಹಾಕಿದೆ.